ಕಡಲಾಳದ ಉಸಿರು

ನೆಲದ ಮೇಲೆ ಬಾಳುವ ನಮಗೆ ಉಸಿರಾಡುವುದು ಒಂದು ಕೆಲಸವೆಂದೇ ತೋರುವುದಿಲ್ಲ. ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ಎದೆಯ ಗೂಡು ತಾನಾಗಿಯೇ ಹಿಗ್ಗಿ ಕುಗ್ಗುತ್ತಿರುತ್ತದೆ. ಆದರೆ ನೀರಿನೊಳಗೆ ಇಳಿದವನಿಗೆ ಇದೇ ಉಸಿರು ಒಂದು ದೊಡ್ಡ ಸಮಸ್ಯೆಯಾಗುತ್ತದೆ. ಮೇಲ್ಭಾಗದಲ್ಲಿ ಗಾಳಿಗೆ ತೆರೆದುಕೊಂಡ ಉದ್ದನೆಯ ಕೊಳವೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಒಂದೆರಡು ಮೀಟರು ಕೆಳಗಿಳಿದರೆ ಸಾಕು, ಸುತ್ತಲಿನ ನೀರಿನ ಒತ್ತಡವು ಎದೆಯನ್ನು ಅದುಮುವುದರಿಂದ ಎಷ್ಟು ಬಲವಾಗಿ ಎಳೆದರೂ ಗಾಳಿಯು ಒಳಕ್ಕೆ ಬಾರದು. 10 ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಇಮ್ಮಡಿಯಾದರೆ 20 ಮೀಟರು ಆಳದಲ್ಲಿ ಮುಮ್ಮಡಿ. ಆದುದರಿಂದ ಮುಳುಗುಗಾರನಿಗೆ ಬೇಕಾದುದು ಬರಿಯ ಗಾಳಿಯಲ್ಲ. ಅವನಿರುವ ಆಳಕ್ಕೆ ಸರಿಹೊಂದುವ ಒತ್ತಡದ ಗಾಳಿ, ಅದೂ ಅವನು ಎಳೆದುಕೊಂಡಾಗ ಮಾತ್ರ. ಇದನ್ನು ಸಾಧಿಸಿಕೊಟ್ಟ ಪುಟ್ಟ ಯಂತ್ರದೊಂದಿಗೆ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಈವ್ ಕುಸ್ತೋ ಅವರ ಹೆಸರು ಬೆಸೆದುಕೊಂಡಿದೆ.

ಕುಸ್ತೋ 1910ನೆಯ ಇಸವಿ ಜೂನ್ 11ರಂದು ನೈಋತ್ಯ ಫ್ರಾನ್ಸಿನ ಸೇಂಟ್ ಆಂದ್ರೆ ದ ಕ್ಯುಬ್ಜಾಕ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರದು ದುರ್ಬಲ ದೇಹ. ಆದರೂ ಈಜುವುದೆಂದರೆ ಪ್ರೀತಿ. ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಚಲನಚಿತ್ರದ ಕ್ಯಾಮರಾದಲ್ಲಿಯೂ ಎಲ್ಲಿಲ್ಲದ ಆಸಕ್ತಿ. 1930ರಲ್ಲಿ ಬ್ರೆಸ್ಟ್ ನಗರದ ನೌಕಾ ಶಾಲೆಯನ್ನು ಸೇರಿದ ಅವರು ಮುಂದೆ ನೌಕಾಪಡೆಯ ವಿಮಾನ ಚಾಲಕರಾಗಬೇಕೆಂದು ಬಯಸಿದ್ದರು. ಭೀಕರವಾದ ಕಾರು ಅಪಘಾತವೊಂದು ಆ ಬಯಕೆಗೆ ಕೊನೆಹಾಡಿತು. ಎರಡು ತೋಳುಗಳಿಗೂ ಪೆಟ್ಟಾಗಿತ್ತು. ಕಳೆದುಹೋದ ಬಲವನ್ನು ಮರಳಿ ಪಡೆಯಲು ಅವರು ತೂಲೋನ್ ಬಳಿಯ ಮೆಡಿಟರೇನಿಯನ್ ಸಮುದ್ರದಲ್ಲಿ ದಿನವೂ ಈಜತೊಡಗಿದರು. 1936ರಲ್ಲಿ ಸಹೋದ್ಯೋಗಿಯಾದ ಫಿಲಿಪ್ ತಾಯೆ ಅವರಿಗೆ ನೀರೊಳಗೆ ನೋಡುವ ಕನ್ನಡಕವೊಂದನ್ನು ಕೊಟ್ಟರು. ಅದನ್ನು ಧರಿಸಿ ನೀರಿನಲ್ಲಿ ಮುಖವಿಟ್ಟ ಕುಸ್ತೋ ಅವರಿಗೆ ಕಲ್ಲು, ಪಾಚಿ, ಮೀನುಗಳ ಇನ್ನೊಂದು ಲೋಕವೇ ಕಾಣಿಸಿತು. ಆದರೆ ಉಸಿರು ಬಿಗಿಹಿಡಿದು ಅಲ್ಲಿರಬಹುದಾದುದು ಒಂದೆರಡು ನಿಮಿಷ ಮಾತ್ರ.

ಆ ವೇಳೆಗೆ ನೀರೊಳಗೆ ಉಸಿರಾಡುವ ಸಲಕರಣೆಗಳು ಇಲ್ಲದಿರಲಿಲ್ಲ. 1860ರ ದಶಕದಲ್ಲಿಯೇ ಫ್ರಾನ್ಸಿನ ರುಕೇರಾಲ್ ಮತ್ತು ದೆನೆರೂಜ್ ಎಂಬವರು ಎಳೆದಾಗ ಮಾತ್ರ ಗಾಳಿ ಬಿಡುವ ಕವಾಟವೊಂದನ್ನು ರಚಿಸಿದ್ದರು. ಹೆಚ್ಚಿನ ಒತ್ತಡವನ್ನು ತಾಳುವ ಸಿಲಿಂಡರು ಆಗ ಇಲ್ಲದುದರಿಂದ ಅದು ಬಹುಮಟ್ಟಿಗೆ ಮೇಲಿನಿಂದ ಗಾಳಿ ತುಂಬುವ ಪಂಪನ್ನೇ ನೆಚ್ಚಿಕೊಳ್ಳಬೇಕಾಯಿತು. ಲ ಪ್ರಿಯರ್ ಎಂಬ ನೌಕಾಧಿಕಾರಿಯ ಸಲಕರಣೆಯಲ್ಲಿ ಸಿಲಿಂಡರು ಇದ್ದಿತು; ಆದರೆ ಗಾಳಿಯು ಎಡೆಬಿಡದೆ ಹರಿದು ಬೇಗನೆ ತೀರಿಹೋಗುತ್ತಿತ್ತು. ಕುಸ್ತೋ ಶುದ್ಧ ಆಮ್ಲಜನಕವನ್ನು ಮರುಬಳಸುವ ಉಪಕರಣವನ್ನೂ ಪರೀಕ್ಷಿಸಿದರು. ಸುಮಾರು 14 ಮೀಟರು ಆಳದಲ್ಲಿ ಅವರ ಮೈ ಸೆಟೆದು ಸೆಳವು ಬಂದಿತು. ಒತ್ತಡ ಹೆಚ್ಚಿದಾಗ ಪ್ರಾಣವಾಯುವೇ ವಿಷವಾಗುವುದೆಂಬುದನ್ನು ಅವರು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿ ಅರಿತರು. ಒಮ್ಮೆಯಲ್ಲ, ಎರಡು ಬಾರಿ!

1942ರ ಕೊನೆಯ ದಿನಗಳು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನರ ವಶವಾಗಿತ್ತು. ಕುಸ್ತೋ ಅವರ ಪತ್ನಿ ಸಿಮೋನ್ ಅವರ ತಂದೆ ಏರ್ ಲಿಕೀದ್ ಎಂಬ ಅನಿಲ ತಯಾರಿಕಾ ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಅವರ ಮೂಲಕ ಪ್ಯಾರಿಸಿನಲ್ಲಿ ಎಮಿಲ್ ಗಾನ್ಯಾಂ ಎಂಬ ಎಂಜಿನಿಯರರ ಪರಿಚಯವಾಯಿತು. ಪೆಟ್ರೋಲಿನ ಅಭಾವವಿದ್ದ ಆ ಕಾಲದಲ್ಲಿ ಗಾನ್ಯಾಂ ಮೋಟಾರು ಕಾರುಗಳನ್ನು ಅನಿಲದಿಂದ ನಡೆಸುವ ಸಲುವಾಗಿ, ಎಂಜಿನ್ನಿನ ಬೇಡಿಕೆಗೆ ತಕ್ಕಷ್ಟೇ ಅನಿಲವನ್ನು ಬಿಡುವ ಕವಾಟವೊಂದನ್ನು ತಯಾರಿಸುತ್ತಿದ್ದರು. ಎಂಜಿನ್ನು ಎಳೆಯುವುದಕ್ಕೂ ಮನುಷ್ಯನ ಶ್ವಾಸಕೋಶ ಎಳೆಯುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂಬುದು ಇಬ್ಬರಿಗೂ ಹೊಳೆಯಿತು. ಕೆಲವೇ ವಾರಗಳಲ್ಲಿ ಮೊದಲ ರೆಗ್ಯುಲೇಟರ್ ಸಿದ್ಧವಾಯಿತು.

1943ರ ಜನವರಿಯ ಚಳಿಯಲ್ಲಿ ಪ್ಯಾರಿಸಿನ ಹೊರವಲಯದ ಮಾರ್ನ್ ನದಿಯಲ್ಲಿ ಕುಸ್ತೋ ಅದನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗಿದರು. ಅಡ್ಡಲಾಗಿ ಈಜುವಾಗ ಉಸಿರಾಟ ಸುಗಮವಾಗಿಯೇ ಇದ್ದಿತು. ನೆಟ್ಟಗೆ ನಿಂತೊಡನೆ ಗಾಳಿಯು ತಡೆಯಿಲ್ಲದೆ ಬುಳಬುಳನೆ ಹೊರಹರಿಯಿತು. ತಲೆಕೆಳಗಾದೊಡನೆ ಎಷ್ಟು ಎಳೆದರೂ ಗಾಳಿ ಬಾರದಾಯಿತು. ತಲೆಕೆಳಗಾಗದೆ ಆಳಕ್ಕೆ ಇಳಿಯುವುದು ಹೇಗೆ? ಇಬ್ಬರೂ ಹತಾಶರಾಗಿ ಹಿಂದಿರುಗುತ್ತಿದ್ದಾಗ ದಾರಿಯ ಚರ್ಚೆಯಲ್ಲಿಯೇ ಕಾರಣವು ಗೋಚರಿಸಿತು. ಗಾಳಿ ಒಳಬರುವ ಭಾಗಕ್ಕೂ ನಿಶ್ವಾಸವು ಹೊರಹೋಗುವ ಕವಾಟಕ್ಕೂ ನಡುವೆ ಸುಮಾರು 15 ಸೆಂಟಿಮೀಟರುಗಳ ಅಂತರವಿದ್ದಿತು. ನೆಟ್ಟಗೆ ನಿಂತಾಗ ಹೊರಕವಾಟವು ಮೇಲಿದ್ದು ಅಲ್ಲಿ ನೀರಿನ ಒತ್ತಡ ಕಡಿಮೆಯಾಗುತ್ತಿತ್ತು. ತಲೆಕೆಳಗಾದಾಗ ಅದು ಕೆಳಗಿದ್ದು ಒತ್ತಡ ಹೆಚ್ಚಾಗುತ್ತಿತ್ತು. ಒಂದು ಗೇಣಿಗಿಂತಲೂ ಕಡಿಮೆಯಾದ ನೀರಿನ ತೂಕ ಉಸಿರನ್ನು ಕೆಡಿಸಿತ್ತು! ಎರಡನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇರಿಸಿದೊಡನೆ ತೊಂದರೆ ನೀಗಿತು. ಮುಳುಗುಗಾರನು ಹೇಗೆ ತಿರುಗಿದರೂ ಎರಡರ ಮೇಲೂ ಬೀಳುವ ಒತ್ತಡ ಒಂದೇ ಆಯಿತು. ಈಗ ಹೊಸ ಮಾದರಿಗಳು ಎಷ್ಟೇ ಬಂದಿದ್ದರೂ, ನಮ್ಮ ಮುರುಡೇಶ್ವರದ ಬಳಿ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರು ಬಾಯಲ್ಲಿ ಕಚ್ಚಿಕೊಳ್ಳುವ ಸಲಕರಣೆಯಲ್ಲಿಯೂ ಈ ತತ್ತ್ವವೇ ನಡೆದುಬಂದಿದೆ.

ಆ ವರ್ಷದ ಜೂನ್ ತಿಂಗಳಲ್ಲಿ ದಕ್ಷಿಣ ತೀರದ ಬಾಂದೋಲ್ ಊರಿಗೆ ಹೊಸ ಯಂತ್ರವು ರೈಲಿನಲ್ಲಿ ಬಂದಿಳಿಯಿತು. ಕುಸ್ತೋ ಸಮುದ್ರಕ್ಕಿಳಿದರು, ಸಿಮೋನ್ ಮೇಲೆ ತೇಲುತ್ತ ಅವರನ್ನು ಗಮನಿಸುತ್ತಿದ್ದರು, ಅಪಾಯ ಒದಗಿದರೆ ಧುಮುಕಲು ಗೆಳೆಯ ಫ್ರೆಡರಿಕ್ ದ್ಯೂಮಾ ದಡದಲ್ಲಿ ಸಿದ್ಧರಾಗಿದ್ದರು. ಕುಸ್ತೋ ಪಲ್ಟಿ ಹೊಡೆದರು, ಒಂದೇ ಬೆರಳಿನ ಮೇಲೆ ತಲೆಕೆಳಗಾಗಿ ನಿಂತರು. ಗಾಳಿ ಒಂದೇ ಸಮನಾಗಿ ಬರುತ್ತಿತ್ತು. ಯುದ್ಧಕಾಲದ ಅನ್ನದ ಬರದಲ್ಲಿ ಮನೆಯವರಿಗೆಂದು ಗುಹೆಯೊಂದರಿಂದ ಕಡಲ ಸೀಗಡಿಗಳನ್ನೂ ಹಿಡಿದು ತಂದರು. ಆ ಬೇಸಗೆಯಲ್ಲಿ ಗೆಳೆಯರು ಸುಮಾರು 500 ಬಾರಿ ಮುಳುಗಿದರು.

ಈ ಯಂತ್ರದ ಹೃದಯವೆಂದರೆ ಒಂದು ರಬ್ಬರಿನ ಪೊರೆ. ಅದರ ಒಂದು ಕಡೆ ಸಮುದ್ರದ ನೀರು, ಇನ್ನೊಂದು ಕಡೆ ಉಸಿರಾಡುವ ಗಾಳಿ. ಮುಳುಗುಗಾರನು ಉಸಿರೆಳೆದಾಗ ಒಳಗಿನ ಒತ್ತಡ ತಗ್ಗಿ, ನೀರು ಪೊರೆಯನ್ನು ಒಳಕ್ಕೆ ತಳ್ಳುತ್ತದೆ. ಪೊರೆಯು ಒಂದು ಸನ್ನೆಯನ್ನು ಒತ್ತಿ ಕವಾಟವನ್ನು ತೆರೆಯುತ್ತದೆ. ಉಸಿರು ಬಿಟ್ಟೊಡನೆ ಪೊರೆ ಹಿಂದಕ್ಕೆ ಸರಿದು, ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಸ್ಪ್ರಿಂಗು ಬಿಗಿಯಾದರೆ ಪ್ರತಿಯೊಂದು ಉಸಿರಿಗೂ ಎದೆ ದುಡಿಯಬೇಕು. ದಣಿದ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ತಲೆನೋವು, ಗಾಬರಿ ತಲೆದೋರುವುವು. ಸ್ಪ್ರಿಂಗು ಸಡಿಲವಾದರೆ ಗಾಳಿ ವ್ಯರ್ಥವಾಗಿ ಸೋರಿಹೋಗುವುದು. ಇವೆರಡರ ನಡುವಣ ಕಿರಿದಾದ ಹದವನ್ನು ಕಂಡುಕೊಳ್ಳುವುದೇ ಯಂತ್ರವನ್ನು ಸರಿಪಡಿಸುವವನ ಕುಶಲತೆ. ಚೆನ್ನಾಗಿ ಹೊಂದಿಸಿದ ರೆಗ್ಯುಲೇಟರಿನ ಕವಾಟವು ಸುಮಾರು 3 ಸೆಂಟಿಮೀಟರು ನೀರಿನ ಒತ್ತಡದಷ್ಟು ಸೆಳೆತಕ್ಕೇ ತೆರೆದುಕೊಳ್ಳುತ್ತದೆ. ಉಪ್ಪಿನ ಹರಳು, ಮರಳಿನ ಕಣ, ಮುಪ್ಪಾದ ರಬ್ಬರು ಇವುಗಳಲ್ಲಿ ಯಾವುದಾದರೊಂದು ಈ ಹದವನ್ನು ಕೆಡಿಸಬಲ್ಲುದು. ಆದುದರಿಂದಲೇ ಪ್ರತಿಸಲವೂ ಸಿಹಿನೀರಿನಲ್ಲಿ ತೊಳೆಯುವುದು, ನಿಯತಕಾಲಕ್ಕೆ ಬಲ್ಲವರಿಂದ ಬಿಚ್ಚಿಸಿ ಸವೆದ ಭಾಗಗಳನ್ನು ಬದಲಾಯಿಸುವುದು ಪದ್ಧತಿಯಾಗಿದೆ.

ಯಂತ್ರವು ಸರಿಯಿದ್ದರೂ ಅದರೊಳಗಿನ ಗಾಳಿ ಕೆಟ್ಟರೆ ಗತಿಯೇನು? 1946ರ ಆಗಸ್ಟ್ ತಿಂಗಳಲ್ಲಿ ಕುಸ್ತೋ ಮತ್ತು ದ್ಯೂಮಾ ವೋಕ್ಲೂಸ್ ಎಂಬಲ್ಲಿನ ಆಳವಾದ ಬುಗ್ಗೆಯೊಳಕ್ಕೆ ಇಳಿದರು. ಕತ್ತಲೆಯ ಸುರಂಗದಲ್ಲಿ ಇಬ್ಬರಿಗೂ ಬುದ್ಧಿ ಮಂಕಾಯಿತು. ತಾವು ಇಳಿದುದು ಏತಕ್ಕೆಂಬುದೇ ಮರೆತುಹೋಯಿತು. ಮೇಲೆ ಹಗ್ಗ ಹಿಡಿದಿದ್ದ ಮೋರಿಸ್ ಫಾರ್ಗ್ ಅನುಮಾನಗೊಂಡು ಎಳೆಯಿಸದೆ ಹೋಗಿದ್ದರೆ ಇಬ್ಬರೂ ಅಲ್ಲಿಯೇ ಅಸುನೀಗುತ್ತಿದ್ದರು. ಅನಂತರ ಸಿಲಿಂಡರುಗಳ ಗಾಳಿಯನ್ನು ಪರೀಕ್ಷಿಸಲಾಗಿ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಕಂಡುಬಂದಿತು. ಗಾಳಿ ತುಂಬುವ ಕಂಪ್ರೆಸರು ತನ್ನ ಎಂಜಿನ್ನಿನ ಹೊಗೆಯನ್ನೇ ಒಳಕ್ಕೆ ಸೆಳೆದುಕೊಂಡಿತ್ತು. ಅಂದು ಅವರನ್ನು ಉಳಿಸಿದ ಫಾರ್ಗ್ ಮರುವರ್ಷವೇ ಆಳದ ಪರೀಕ್ಷೆಯೊಂದರಲ್ಲಿ ಮಡಿದರು. 120 ಮೀಟರು ಆಳದ ಹಲಗೆಯ ಮೇಲೆ ಅವರ ಸಹಿ ಇದ್ದಿತು; ಅವರನ್ನು ಮೇಲಕ್ಕೆಳೆದಾಗ ಬಾಯಿಂದ ಕೊಳವೆ ಕಳಚಿಬಿದ್ದಿತ್ತು. ಅಷ್ಟು ಆಳದಲ್ಲಿ ಗಾಳಿಯೊಳಗಿನ ಸಾರಜನಕವು ಮದ್ಯದಂತೆ ಮತ್ತೇರಿಸುವುದಾಗಿ, ಯಾವ ಕವಾಟವೂ ಅವರನ್ನು ಕಾಯಲಾರದೆ ಹೋಯಿತು.

1946ರಿಂದ ಈ ಯಂತ್ರವು ಮಾರಾಟಕ್ಕೆ ಬಂದು ಅಕ್ವಾಲಂಗ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಗಾನ್ಯಾಂ 1947ರಲ್ಲಿ ಕೆನಡಾದ ಮಾಂಟ್ರಿಯಲ್ ನಗರಕ್ಕೆ ತೆರಳಿ, ಸದ್ದುಗದ್ದಲವಿಲ್ಲದೆ ಅದನ್ನು ತಿದ್ದುತ್ತಲೇ ಇದ್ದು 1984ರಲ್ಲಿ ತೀರಿಕೊಂಡರು. ಕೀರ್ತಿಯ ಬಹುಪಾಲು ಕುಸ್ತೋ ಅವರಿಗೇ ಸಂದಿತು. ಇದು ಅಷ್ಟು ನ್ಯಾಯವೆನಿಸುವುದಿಲ್ಲ. ಯುದ್ಧಾನಂತರ ಕುಸ್ತೋ ಮತ್ತು ಗೆಳೆಯರು ನೌಕಾಪಡೆಯಲ್ಲಿ ಸಮುದ್ರದೊಳಗಿನ ಸಂಶೋಧನೆಗಾಗಿಯೇ ಒಂದು ತಂಡವನ್ನು ಕಟ್ಟಿದರು. 1950ರಲ್ಲಿ, ಹಿಂದೆ ಸಿಡಿಗುಂಡು ತೆಗೆಯುವ ನೌಕೆಯಾಗಿದ್ದ ಕಲಿಪ್ಸೊ ಎಂಬ ಹಡಗು ಕುಸ್ತೋ ಅವರಿಗೆ ದೊರೆಯಿತು. ಅದರಲ್ಲಿ ಸಂಚರಿಸಿ ಚಿತ್ರಿಸಿದ ಮೌನ ಜಗತ್ತು ಎಂಬ ಚಲನಚಿತ್ರವು 1956ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ಆ ಚಿತ್ರದಲ್ಲಿ ಶಾರ್ಕ್ ಮೀನುಗಳನ್ನು ಕೊಚ್ಚುವ, ಹವಳದ ದಿಬ್ಬದಲ್ಲಿ ಮದ್ದು ಸಿಡಿಸುವ ದೃಶ್ಯಗಳಿದ್ದು, ಅವು ಇಂದಿನ ಪ್ರೇಕ್ಷಕರ ಮನಸ್ಸನ್ನು ನೋಯಿಸುತ್ತವೆ. ಅದೇ ಕುಸ್ತೋ 1960ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಅಣುತ್ಯಾಜ್ಯವನ್ನು ಸುರಿಯುವ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದರು.

1979ರಲ್ಲಿ ಕಿರಿಯ ಮಗ ಫಿಲಿಪ್ ವಿಮಾನ ದುರಂತದಲ್ಲಿ ಸತ್ತುದು ಅವರಿಗೆ ಬರಸಿಡಿಲಾಯಿತು. ಬಾಂದೋಲಿನ ಅಲೆಗಳ ಮೇಲೆ ತೇಲುತ್ತ ಅವರನ್ನು ಕಾದಿದ್ದ ಸಿಮೋನ್ 1990ರಲ್ಲಿ ಕಣ್ಮುಚ್ಚಿದರು. 1996ರ ಜನವರಿಯಲ್ಲಿ ಸಿಂಗಾಪುರದ ಬಂದರಿನಲ್ಲಿ ಕಲಿಪ್ಸೊ ಮುಳುಗಿತು; ಅದನ್ನು ಮೇಲೆತ್ತಿ ಫ್ರಾನ್ಸಿಗೆ ಸಾಗಿಸಿದರೂ ಅವರು ಮತ್ತೆ ಅದರಲ್ಲಿ ಪಯಣಿಸಲಿಲ್ಲ. ಕುಸ್ತೋ 1997ರ ಜೂನ್ 25ರಂದು ಪ್ಯಾರಿಸಿನಲ್ಲಿ ನಿಧನರಾದರು. ಅವರನ್ನು ಹುಟ್ಟೂರಿನ ಮಣ್ಣಿನಲ್ಲಿ ಸಮಾಧಿ ಮಾಡಲಾಯಿತು.