ಗೋವರ್ಧನರಾಮ ತ್ರಿಪಾಠಿ: ನಾಯಕನಲ್ಲಿ ಕಂಡ ಲೇಖಕ

ಕಾದಂಬರಿಯ ನಾಯಕನಲ್ಲಿ ಲೇಖಕನ ಪ್ರತಿಬಿಂಬವನ್ನು ಹುಡುಕುವುದು ವಿಮರ್ಶೆಯ ಹಳೆಯ ಪದ್ಧತಿ. ಆ ಪ್ರತಿಬಿಂಬ ಯಥಾವತ್ತಾಗಿಯೇ ಇರಬೇಕೆಂಬ ನಿಯಮವಿಲ್ಲ. ಬದುಕಿನಲ್ಲಿ ಕೈಗೂಡದ್ದನ್ನು ನಾಯಕನಿಂದ ಮಾಡಿಸಿದ ಲೇಖಕರೂ ಇದ್ದಾರೆ. ಗುಜರಾತಿಯ ಗೋವರ್ಧನರಾಮ ಮಾಧವರಾಮ ತ್ರಿಪಾಠಿಯವರು ಇದಕ್ಕೆ ಉತ್ತಮ ನಿದರ್ಶನ.

ಅಹಮದಾಬಾದಿಗೂ ವಡೋದರಕ್ಕೂ ನಡುವೆ ಇರುವ ನಡಿಯಾದಿನಲ್ಲಿ 1855ರಲ್ಲಿ ಅವರು ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1874ರಲ್ಲಿ, ಮೊದಲ ಪತ್ನಿ ಹರಿಲಕ್ಷ್ಮಿ ತೀರಿಕೊಂಡರು. ಆ ದುಃಖ ಸಂಸ್ಕೃತದಲ್ಲಿ ಒಂದು ಶತಕವಾಗಿ ಹೊರಬಂತು. ಯಾರ ಸೇವೆಗೂ ಸೇರದೆ ಸ್ವತಂತ್ರವಾಗಿ ವಕೀಲಿ ಮಾಡಬೇಕು, ನಲವತ್ತರ ಹೊತ್ತಿಗೆ ನಿವೃತ್ತನಾಗಿ ಸಾಹಿತ್ಯಕ್ಕೂ ಸಮಾಜಕ್ಕೂ ಬಾಳನ್ನು ಮೀಸಲಿಡಬೇಕು ಎಂಬುದು ಅವರ ತಾರುಣ್ಯದ ಸಂಕಲ್ಪ. ಆದರೆ ತಂದೆಯ ವ್ಯವಹಾರ ಕುಸಿದು ಮನೆತನ ಕಷ್ಟಕ್ಕೆ ಸಿಲುಕಿದಾಗ ಭಾವನಗರ ಸಂಸ್ಥಾನದ ದಿವಾನ ಸಾಮಳದಾಸರ ಕಾರ್ಯದರ್ಶಿಯಾಗಬೇಕಾಯಿತು. ಅನಂತರ ಮುಂಬಯಿಯಲ್ಲಿ ವಕೀಲರಾದರು.

ಅವರ ಮಹಾಕಾದಂಬರಿ ‘ಸರಸ್ವತೀಚಂದ್ರ’ 1887ರಿಂದ 1901ರವರೆಗೆ ನಾಲ್ಕು ಭಾಗಗಳಲ್ಲಿ ಪ್ರಕಟವಾಯಿತು. ನಾಯಕ ವಿದ್ಯಾವಂತ, ಭಾವುಕ. ಶ್ರೀಮಂತ ವ್ಯಾಪಾರಿಯ ಮಗ. ತಂದೆಯ ಮಾತಿನಿಂದ ನೊಂದು ಮನೆಯನ್ನೂ ಐಶ್ವರ್ಯವನ್ನೂ ತೊರೆದು, ಹೆಸರು ಮರೆಸಿಕೊಂಡು ಅಲೆಯುತ್ತಾನೆ. ಅವನ ಓದು, ವಿಚಾರ, ಲೋಕಹಿತದ ಹಂಬಲ ಲೇಖಕರವೇ. ಸಂಸ್ಥಾನಗಳ ರಾಜಕಾರಣದ ಚಿತ್ರಣಕ್ಕೆ ಭಾವನಗರದ ಅನುಭವ ಒದಗಿಬಂದಿದೆ. ಆದರೆ ಮನೆಯನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಮಾತ್ರ ನಾಯಕನದು. ಅವಿಭಕ್ತ ಕುಟುಂಬದ ಹೊರೆ ಹೊತ್ತ ಲೇಖಕರಿಗೆ ಅದು ಇರಲಿಲ್ಲ. ತ್ಯಾಗವನ್ನು ಅವರು ನಾಯಕನಿಗೆ ಕೊಟ್ಟರು, ಕರ್ತವ್ಯವನ್ನು ತಮಗೆ ಉಳಿಸಿಕೊಂಡರು.

ಅವರ ಅಂಜಿಕೆಯೂ ಕೃತಿಯಲ್ಲಿ ಕಾಣುತ್ತದೆ. ನಾಯಕನೊಡನೆ ನಿಶ್ಚಯವಾಗಿದ್ದ ಕುಮುದ ಬೇರೊಬ್ಬನನ್ನು ವರಿಸಿ ವಿಧವೆಯಾಗುತ್ತಾಳೆ. ಆದರೂ ನಾಯಕ ಕೊನೆಗೆ ಮದುವೆಯಾಗುವುದು ಅವಳ ತಂಗಿ ಕುಸುಮಳನ್ನು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿಯೇ ವಿಧವೆಗೆ ಮರುಮದುವೆ ಮಾಡಿಸಿತ್ತೆಂಬುದನ್ನು ಕನ್ನಡದ ವಿದ್ಯಾರ್ಥಿ ಇಲ್ಲಿ ನೆನೆಯಬಹುದು. ವಿಚಾರದಲ್ಲಿ ದೂರ ಸಾಗಿದ ಗೋವರ್ಧನರಾಮರು ಆಚರಣೆಯ ಹೊಸ್ತಿಲಲ್ಲಿ ನಿಂತರು.

1898ರಲ್ಲಿ ವಕೀಲಿಯನ್ನು ಬಿಟ್ಟು ನಡಿಯಾದಿಗೆ ಮರಳಿದರು. ಸಂಕಲ್ಪ ತಡವಾಗಿಯಾದರೂ ನೆರವೇರಿತು. ಆದರೆ 1902ರಲ್ಲಿ ಮಗಳು ಲೀಲಾವತಿ ಇಪ್ಪತ್ತೊಂದರ ಸುಮಾರಿನ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಸಹನೆ, ಆತ್ಮಾರ್ಪಣೆಗಳ ಆದರ್ಶದಲ್ಲಿ ಬೆಳೆದ ಆಕೆ ಅತ್ತೆಮನೆಯ ಕಷ್ಟವನ್ನು ಮೌನವಾಗಿ ನುಂಗಿದ್ದಳು. ತಂದೆ ‘ಲೀಲಾವತೀ ಜೀವನಕಲಾ’ ಎಂಬ ಅವಳ ಚರಿತ್ರೆಯನ್ನು ಬರೆದು 1905ರಲ್ಲಿ ಪ್ರಕಟಿಸಿದರು. ಕಾಗದದ ಮೇಲೆ ಕುಮುದಳು ಪಟ್ಟ ನೋವನ್ನು ಮನೆಯ ಮಗಳು ಪಟ್ಟಿದ್ದಳು. ಲೇಖಕನ ಆದರ್ಶಕ್ಕೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಆ ಪುಸ್ತಕವನ್ನು ಓದುವವರನ್ನು ಕಾಡದೆ ಬಿಡದು.

ಅದೇ 1905ರಲ್ಲಿ ಅಹಮದಾಬಾದಿನಲ್ಲಿ ನಡೆದ ಗುಜರಾತಿ ಸಾಹಿತ್ಯ ಪರಿಷತ್ತಿನ ಮೊದಲ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. 1907ರ ಜನವರಿಯಲ್ಲಿ ನಿಧನ ಹೊಂದಿದರು. ಅವರು ಇಂಗ್ಲಿಷಿನಲ್ಲಿ ಬರೆದಿಟ್ಟ ‘ಸ್ಕ್ರಾಪ್ ಬುಕ್’ ಎಂಬ ಖಾಸಗಿ ಟಿಪ್ಪಣಿಗಳು ಅರ್ಧ ಶತಮಾನದ ನಂತರ ಅಚ್ಚಾದವು. ಮನೆ, ಸಾಲ, ಕರ್ತವ್ಯಗಳ ನಡುವೆ ತನ್ನನ್ನು ತಾನೇ ವಿಚಾರಣೆಗೆ ಗುರಿಮಾಡಿಕೊಳ್ಳುವ ಗೃಹಸ್ಥನೊಬ್ಬ ಅಲ್ಲಿ ಕಾಣುತ್ತಾನೆ. ಸರಸ್ವತೀಚಂದ್ರನನ್ನು ಅರಿಯಲು ಈ ಗೃಹಸ್ಥನ ಪರಿಚಯವೂ ಅಗತ್ಯ; ಒಬ್ಬನು ಬಿಟ್ಟುಹೋದ ಮನೆಯಲ್ಲಿಯೇ ಇನ್ನೊಬ್ಬನು ಉಳಿದಿದ್ದನು.