ಕಾರಂತರ ಪ್ರಪಂಚಕ್ಕೆ ಸೇರದೆ ಹೋದ ಅಧ್ಯಾಯ

ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನಕ್ಕೆ ನಾನು ಈಚೆಗೆ ಹೋದದ್ದು ಬಹಳ ವರ್ಷಗಳ ನಂತರ, ಅದೂ ತಲೆ ಕೆಟ್ಟ ಹೊತ್ತಿನಲ್ಲಿ. ಹಿಂದಿನ ದಿನವಷ್ಟೇ ಕಡಬದ ಕಡೆ ಇರುವ ನನ್ನ ಭಾವನ ಬ್ಯಾಂಕ್ ಖಾತೆ ಖಾಲಿಯಾಗಿತ್ತು. ಅಡಿಕೆ ಮಾರಿ, ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡುವವರ ಕೂಲಿಗೆ ಅಂತ ಎತ್ತಿಟ್ಟಿದ್ದ ಹಣ. ಆದದ್ದು ಇಷ್ಟೇ. ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮದುವೆ ಕಾಗದ ಬಂತು. ಕಳಿಸಿದವರು ಅಪರಿಚಿತರಲ್ಲ, ಸುಳ್ಯದ ನೆಂಟರೇ. ಭಾವ ಒತ್ತಿದರು. ಕಾಗದ ತೆರೆಯಲಿಲ್ಲ, ಫೋನು ಏನೇನೋ ಕೇಳಿತು, ಎಲ್ಲದಕ್ಕೂ ಒಪ್ಪಿಗೆ ಒತ್ತಿ ಮಲಗಿದರು. ಬೆಳಗ್ಗೆ ಏಳುವಾಗ ಹಣ ಇರಲಿಲ್ಲ.

ಭಾವ ಯಾರನ್ನೂ ಬೈಯಲಿಲ್ಲ. ಫೋನಿನ ಒಳಗೆ ನಿಜವಾಗಿ ಆದದ್ದು ಎಂತ ಅಂತ ಮಾತ್ರ ನನ್ನನ್ನು ಕೇಳಿದರು. ಇಪ್ಪತ್ತು ವರ್ಷ ಪುತ್ತೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟವನು ನಾನು. ನಮ್ಮ ನೆಂಟರ ಪೈಕಿ ಕಂಪ್ಯೂಟರ್ ಗೊತ್ತಿರುವವನು ಅನ್ನಿಸಿಕೊಂಡವನು. ಆದರೂ ಉತ್ತರ ಹೇಳಲು ಬಾಯಿ ಬರಲಿಲ್ಲ. ವಿಷಯ ಗೊತ್ತಿರಲಿಲ್ಲ ಅಂತಲ್ಲ, ಅದನ್ನು ಕನ್ನಡದಲ್ಲಿ, ಒಬ್ಬ ಕೃಷಿಕರಿಗೆ ತಲೆಗೆ ಹೋಗುವ ಹಾಗೆ ಒಂದು ದಿನವೂ ಹೇಳಿ ನೋಡಿರಲಿಲ್ಲ. ಇಷ್ಟು ವರ್ಷ ನಾನು ಎಲ್ಲರಿಗೂ ಕೊಟ್ಟ ಬುದ್ಧಿ ಒಂದೇ, ಕಂಡಕಂಡದ್ದನ್ನು ಒತ್ತಬೇಡಿ. ಯಾಕೆ ಅಂತ ಹೇಳದೆ ಬೇಡ ಅಂದರೆ ಯಾರು ಕೇಳುತ್ತಾರೆ?

ಯಾಕೆ ಮತ್ತು ಹೇಗೆ ಅನ್ನುವುದನ್ನು ಕನ್ನಡದಲ್ಲಿ ಹೇಳುವುದನ್ನೇ ಜೀವನದ ಒಂದು ದೊಡ್ಡ ಕೆಲಸ ಮಾಡಿಕೊಂಡ ಮನುಷ್ಯ ಸುಮಾರು ನಾಲ್ಕು ದಶಕ ಇದ್ದದ್ದು ಇದೇ ಊರಿನಲ್ಲಿ. ಕೋಟ ಶಿವರಾಮ ಕಾರಂತರು.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಮಂಗಳೂರಿನ ಸರಕಾರಿ ಕಾಲೇಜಿಗೆ ಹೋಗುತ್ತಿದ್ದ ಹುಡುಗ ಅಸಹಕಾರ ಚಳವಳಿಯ ಕಾಲದಲ್ಲಿ ಓದು ಬಿಟ್ಟರು, ಮತ್ತೆ ಆ ಕಡೆ ಮುಖ ಮಾಡಲಿಲ್ಲ. ಅಲ್ಲಿಂದ ಮುಂದೆ ಅವರಿಗೆ ಮೇಷ್ಟ್ರು ಅಂತ ಯಾರೂ ಇಲ್ಲ. ಬೇಕಾದ್ದನ್ನೆಲ್ಲ ತಾನೇ ಕೈ ಹಾಕಿ, ಕೆಡಿಸಿ, ಕಲಿತರು. 'ವಸಂತ' ಪತ್ರಿಕೆ ಮಾಡಿದರು. 1930ರ ಆಸುಪಾಸಿನಲ್ಲಿ ಮೂಕಿ ಸಿನಿಮಾ ತೆಗೆಯಲು ಹೊರಟರು, 'ಡೊಮಿಂಗೊ' ಅದರಲ್ಲೊಂದು. ಪುತ್ತೂರಿಗೆ ಬಂದ ಮೇಲೆ ಮೊಳಹಳ್ಳಿ ಶಿವರಾಯರಂಥವರ ಒಡನಾಟ ಸಿಕ್ಕಿತು, ಮಕ್ಕಳು ಹೆದರಿಕೆ ಇಲ್ಲದೆ ಕಲಿಯಲಿ ಅಂತ ಬಾಲವನ ಕಟ್ಟಿದರು. 1936ರಲ್ಲಿ ಜಾತಿಯ ಗೆರೆ ದಾಟಿ ಲೀಲಾ ಆಳ್ವರನ್ನು ಮದುವೆಯಾದರು. ಹರ್ಷ ಹೆಸರಿನ ಮುದ್ರಣಾಲಯ ಇಟ್ಟರು. ಪುಸ್ತಕ ಬರೆಯುವವರು ತಾವೇ, ಅದಕ್ಕೆ ಚಿತ್ರ ಬರೆಯುವವರೂ ತಾವೇ.

ಕಾದಂಬರಿಗಳ ವಿಷಯ ಎಲ್ಲರಿಗೂ ಗೊತ್ತುಂಟು, ಹೆಚ್ಚು ಹೇಳುವುದಿಲ್ಲ. 'ಚೋಮನ ದುಡಿ', 'ಮರಳಿ ಮಣ್ಣಿಗೆ', ಆಮೇಲೆ ಜ್ಞಾನಪೀಠ ತಂದುಕೊಟ್ಟ 'ಮೂಕಜ್ಜಿಯ ಕನಸುಗಳು'. 'ಬೆಟ್ಟದ ಜೀವ' ಮಾತ್ರ ನಮ್ಮ ಭಾವನ ಮನೆಯ ಸೀಮೆಯದು. ಈಗ ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದ ಸುತ್ತಿನ ಕಾಡು, ಕುಮಾರಪರ್ವತದ ಅಡಿ, ಅಲ್ಲಿ ಕಾಡು ಕಡಿದು ಅಡಿಕೆ ನೆಟ್ಟ ಗಟ್ಟಿಗರ ಕತೆ. ಆನೆಗೂ ಹುಲಿಗೂ ಬಗ್ಗದವರ ಊರು ಅದು. ಅಲ್ಲಿಯ ಒಬ್ಬರನ್ನು ಮದುವೆ ಕಾಗದ ಕೆಡವಿತು.

ನನಗೆ ಈಗ ಮುಖ್ಯ ಅನ್ನಿಸುವುದು ಅವರ ಇನ್ನೊಂದು ಸಾಲಿನ ಪುಸ್ತಕಗಳು. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'. 1959ರಿಂದ ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ವಿಶ್ವವಿದ್ಯಾಲಯದ ಪದವಿ ಇಲ್ಲದ ಒಬ್ಬ ಮನುಷ್ಯ ಪುತ್ತೂರಿನಲ್ಲಿ ಕೂತು, ಜಗತ್ತಿನ ವಿಜ್ಞಾನವನ್ನೆಲ್ಲ ಓದಿ ಜೀರ್ಣಿಸಿಕೊಂಡು, ಕನ್ನಡದಲ್ಲಿ ಹೇಳಲು ಹೊರಟದ್ದು ಅದು. ಎಂಬತ್ತರ ದಶಕದಲ್ಲಿ 'ತರಂಗ'ದಲ್ಲಿ ಮಕ್ಕಳ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾಗ ಅವರು ನಮಗೆಲ್ಲ ಕಾರಂತಜ್ಜ ಆಗಿದ್ದರು. ಯಾವ ಪ್ರಶ್ನೆಯೂ ಅವರಿಗೆ ದಡ್ಡ ಪ್ರಶ್ನೆ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದಕ್ಕೂ ಅವರಿಗೆ ಸಂಕೋಚ ಇರಲಿಲ್ಲ.

'ವಿಜ್ಞಾನ ಪ್ರಪಂಚ'ದಲ್ಲಿ ಮಾಲ್‌ವೇರ್ ಬಗ್ಗೆ ಅಧ್ಯಾಯ ಇರಲು ಸಾಧ್ಯವೇ ಇರಲಿಲ್ಲ. ಆದರೆ ತಮಾಷೆ ಏನೆಂದರೆ, ಈ ದುಷ್ಟ ತಂತ್ರಾಂಶಗಳ ಮುಖ್ಯ ಜಾತಿಗಳೆಲ್ಲ ಹುಟ್ಟಿದ್ದು ಕಾರಂತರು ಬದುಕಿದ್ದಾಗಲೇ. ಅವರಿಗೆ ಎಂಬತ್ತು ತುಂಬಿದ 1982ರಲ್ಲಿ ಅಮೆರಿಕದ ಹದಿನೈದರ ಹುಡುಗನೊಬ್ಬ ಗೆಳೆಯರನ್ನು ಗೋಳುಹೊಯ್ದುಕೊಳ್ಳಲು ಎಲ್ಕ್ ಕ್ಲೋನರ್ ಬರೆದ. ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿಕೊಂಡು ಹೋಗುತ್ತಿತ್ತು. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರಿಗೆ ಪಾಠ ಕಲಿಸಲು ಬ್ರೇನ್ ಅನ್ನುವ ವೈರಸ್ ಮಾಡಿದರು. ಅದರೊಳಗೆ ತಮ್ಮ ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು ಮಾರಾಯ್ರೆ, ಅಷ್ಟು ಮುಗ್ಧ ಕಾಲ ಅದು.

ವೈರಸ್ ಅಂದರೆ ಮಾವಿನ ಮರದ ಬಂದಳಿಕೆಯ ಹಾಗೆ. ಸ್ವಂತ ಬೇರಿಲ್ಲ, ಇನ್ನೊಂದು ಫೈಲಿನ ಮೇಲೆ ಕೂತು ಬದುಕಬೇಕು, ಆ ಫೈಲನ್ನು ಯಾರಾದರೂ ತೆರೆದಾಗ ಹಬ್ಬಬೇಕು. ವರ್ಮ್‌ಗೆ ಆ ಹಂಗಿಲ್ಲ. ಗಾಳಿಮಳೆಗೆ ಕೊಳೆರೋಗ ತೋಟದಿಂದ ತೋಟಕ್ಕೆ ಹೋದ ಹಾಗೆ ಅದು ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹೋಗುತ್ತದೆ, ಯಾರೂ ಏನನ್ನೂ ಒತ್ತಬೇಕಾಗಿಲ್ಲ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಹೀಗೆ ಸುಮಾರು 6,000 ಕಂಪ್ಯೂಟರ್‌ಗಳನ್ನು ಹಿಡಿಯಿತು ಅಂತ ಅಂದಾಜು. ಆಗಿನ ಇಂಟರ್‌ನೆಟ್ ಇದ್ದದ್ದೇ ಅದರ ಹತ್ತು ಪಟ್ಟು.

ಆ ಹೊತ್ತಿಗೆ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಊರೂರು ತಿರುಗುತ್ತಿದ್ದರು. ಎಪ್ಪತ್ತರ ದಶಕದಲ್ಲೇ ಪುತ್ತೂರು ಬಿಟ್ಟು ಸಾಲಿಗ್ರಾಮ ಸೇರಿದ್ದರು. ತುರ್ತುಪರಿಸ್ಥಿತಿಯ ವಿರುದ್ಧ ಪದ್ಮಭೂಷಣವನ್ನು ವಾಪಸು ಕೊಟ್ಟಾಗಿತ್ತು. ಸರಕಾರದ ವಿಜ್ಞಾನಿಗಳು ಹೇಳುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಸ್ಥಾವರ ಕ್ಷೇಮ ಅಂತ ಒಪ್ಪಲು ಅವರು ತಯಾರಿರಲಿಲ್ಲ. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಕೈಗಾ ವಿಷಯದಲ್ಲಿ ಅವರು ಹೇಳಿದ್ದೆಲ್ಲ ಸರಿ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಹೇಳುವವನ ಕುರ್ಚಿ ನೋಡಿ ಮಾತು ನಂಬಬಾರದು ಅನ್ನುವ ಅವರ ಹಟ ಇತ್ತಲ್ಲ, ನಮ್ಮ ಭಾವನ ಫೋನಿಗೆ ಬೇಕಾಗಿದ್ದದ್ದು ಅದೇ.

ಯಾಕೆಂದರೆ ಅದೇ 1989ರ ಡಿಸೆಂಬರ್‌ನಲ್ಲಿ ಜೋಸೆಫ್ ಪಾಪ್ ಅನ್ನುವ ಅಮೆರಿಕದ ಜೀವವಿಜ್ಞಾನಿಯೊಬ್ಬ ಸುಮಾರು 20,000 ಫ್ಲಾಪಿಗಳನ್ನು ಬೇರೆ ಬೇರೆ ದೇಶಗಳಿಗೆ ಅಂಚೆಯಲ್ಲಿ ಕಳಿಸಿದ. ಮೇಲೆ ಏಡ್ಸ್ ಕುರಿತ ಮಾಹಿತಿ ಅಂತ ಚೀಟಿ. ಒಳ್ಳೆಯ ವಿಷಯ, ವಿದ್ವಾಂಸರ ಭಾಷೆ. ಹಾಕಿದವರಿಗೆ ಮೊದಲಿಗೆ ಏನೂ ಆಗಲಿಲ್ಲ. ಕಂಪ್ಯೂಟರನ್ನು ತೊಂಬತ್ತು ಸಲ ಚಾಲೂ ಮಾಡಿದ ಮೇಲೆ ಫೈಲುಗಳ ಹೆಸರೆಲ್ಲ ಮಾಯ, ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಅಂತ ಸೂಚನೆ. ಒಳಗೆ ಬಂದದ್ದು ವೇಷ ಹಾಕಿ, ಅದು ಟ್ರೋಜನ್. ಆಮೇಲೆ ಬೀಗ ಜಡಿದು ಹಣ ಕೇಳಿತು, ಅದು ರಾನ್ಸಮ್‌ವೇರ್. ಇಂದಿನ ಎಲ್ಲ ರಾನ್ಸಮ್‌ವೇರ್‌ಗಳ ಮುತ್ತಜ್ಜ ಅದು.

ಟ್ರೋಜನ್ ಅಂದಾಗ ಗ್ರೀಕರ ಮರದ ಕುದುರೆ ನಮಗೆ ಯಾಕೆ, ಸನ್ಯಾಸಿ ವೇಷದ ರಾವಣ ಉಂಟಲ್ಲ. ರಾವಣ ಗೋಡೆ ಒಡೆದು ಬರಲಿಲ್ಲ, ಭಿಕ್ಷೆ ಕೇಳಿ ಬಂದ. ಯಕ್ಷಗಾನವನ್ನು ಕಾರಂತರು ಅಭ್ಯಾಸ ಮಾಡಿದ್ದು ಎದುರಿನ ಕುರ್ಚಿಯಲ್ಲಿ ಕೂತಲ್ಲ. ಬಣ್ಣ ಹೇಗೆ, ಕಿರೀಟ ಯಾವ ಮರದ್ದು, ಹೆಜ್ಜೆ ಎಲ್ಲಿಂದ ಬಂತು ಅಂತ ಬಿಚ್ಚಿ ನೋಡಿದವರು, ತಾವೇ ಕುಣಿದವರು. ಚೌಕಿಯಲ್ಲಿ ವೇಷ ಕಟ್ಟುವುದನ್ನು ಕಂಡವರನ್ನು ರಂಗದ ಮೇಲಿನ ಆರ್ಭಟ ಅಷ್ಟು ಸುಲಭದಲ್ಲಿ ಹೆದರಿಸುವುದಿಲ್ಲ.

ಬಾಲವನದಿಂದ ಬಂದ ಆದಿತ್ಯವಾರ ಕಡಬಕ್ಕೆ ಹೋಗಿ, ಭಾವನ ಅಂಗಳದಲ್ಲಿ ಕೂತು ಈ ಚೌಕಿಯನ್ನೇ ತೋರಿಸಲು ನೋಡಿದೆ. ಬಂದದ್ದು ಮದುವೆ ಕಾಗದ ಅಲ್ಲ. ಕಾಗದ ಆಗಿದ್ದರೆ ಫೋಟೋ ಆಗಿರಬೇಕಿತ್ತು, ಇಲ್ಲ ಪಿಡಿಎಫ್. ಹೆಸರಿನ ಕೊನೆಗೆ ಎಪಿಕೆ ಅಂತ ಮೂರಕ್ಷರ ಇದ್ದರೆ ಅದು ಫೋನಿನೊಳಗೆ ಬಿಡಾರ ಹೂಡುವ ಒಂದು ಆ್ಯಪ್. ಅದು ಆರ್‌ಟಿಒ ದಂಡದ ಚಲನ್ ಅಂತ ಬರಬಹುದು, ಪಿಎಂ ಕಿಸಾನ್ ಅಂತ, ಬ್ಯಾಂಕಿನ ಕೆವೈಸಿ ಅಂತ, ಕರೆಂಟ್ ಬಿಲ್ ಅಂತ ಬರಬಹುದು. ವೇಷ ಬೇರೆ, ಒಳಗಿನ ಆಸಾಮಿ ಒಬ್ಬನೇ. ಒಪ್ಪಿಗೆ ಒತ್ತಿದಾಗ ಭಾವ ಕೊಟ್ಟದ್ದು ಎಸ್‌ಎಂಎಸ್ ಓದುವ ಹಕ್ಕು, ಪರದೆಯ ಮೇಲೆ ಕಾಣುವುದನ್ನು ನೋಡುವ, ಅವರ ಬದಲಿಗೆ ಒತ್ತುವ ಹಕ್ಕು. ಆಮೇಲೆ ಬ್ಯಾಂಕಿನ ಒಟಿಪಿ ಇವರಿಗಿಂತ ಮೊದಲು ಕಳ್ಳನಿಗೆ ಸಿಗುತ್ತದೆ. ಹೀಗೆ ಒಳಗೇ ಕೂತು ಕದ್ದು ನೋಡುವುದು ಸ್ಪೈವೇರ್‌ನ ಕೆಲಸ. ಮತ್ತೆ ಇವರ ವಾಟ್ಸ್‌ಆ್ಯಪ್‌ನಿಂದ ಇವರ ನೆಂಟರಿಷ್ಟರಿಗೆಲ್ಲ ಅದೇ ಕಾಗದ ಹೋಗುತ್ತದೆ, ಅದು ವರ್ಮ್‌ನ ಗುಣ. ಪುಸ್ತಕದಲ್ಲಿ ಬೇರೆ ಬೇರೆ ಇರುವ ಜಾತಿಗಳು ಈಗ ಒಂದೇ ಮೈಯಲ್ಲಿ ಬರುತ್ತವೆ. ಸುಳ್ಯದ ನೆಂಟರು ಕಳಿಸಿದ್ದಲ್ಲ, ಅವರ ಫೋನು ಕಳಿಸಿದ್ದು. ಇದು ಗೊತ್ತಾದ ಮೇಲೆ ಭಾವನ ಮುಖ ಸ್ವಲ್ಪ ಸಡಿಲವಾಯಿತು. ಎರಡು ಮನೆಯ ನಡುವೆ ಮಾತು ನಿಂತುಹೋಗಿತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

ಮುಂದೆ ಎಂತ ಮಾಡುವುದು ಅಂತ ಕೇಳಿದರು. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಮಾತ್ರ, ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಆ್ಯಪ್ ಹಾಕಲು ಕೊಟ್ಟ ಅನುಮತಿ ಬಂದ್, ಪ್ಲೇ ಪ್ರೊಟೆಕ್ಟ್ ಚಾಲೂ. ಚಲನ್ ಉಂಟಾ ಅಂತ ನೋಡಬೇಕಾದರೆ ಸರಕಾರದ ಪರಿವಾಹನ್ ತಾಣಕ್ಕೆ ನಾವೇ ಹೋಗಿ ನೋಡಬೇಕು, ಬಂದ ಲಿಂಕ್ ಹಿಡಿದು ಹೋಗಬಾರದು. ಸಂಶಯ ಬಂದರೆ ಕಳಿಸಿದವರಿಗೆ ಫೋನ್ ಮಾಡಿ ಕೇಳಬೇಕು, ಮೆಸೇಜ್ ಹಾಕಿದರೆ ಉತ್ತರ ಕೊಡುವವನು ಕಳ್ಳನೇ ಇರಬಹುದು. ಒತ್ತಿ ಆಗಿಹೋದರೆ ಮೊದಲು ಇಂಟರ್‌ನೆಟ್ ತೆಗೆಯಬೇಕು, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಬೇಕು, ಆಮೇಲೆ ಫ್ಯಾಕ್ಟರಿ ರೀಸೆಟ್, ಪಾಸ್‌ವರ್ಡ್ ಎಲ್ಲ ಬದಲು. ಎಷ್ಟು ಬೇಗ ಹೇಳುತ್ತೇವೋ ಹಣ ಕೈದಾಟುವ ಮೊದಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಭಾವ 1930ಕ್ಕೆ ಕರೆ ಮಾಡಿದ್ದು ಮಧ್ಯಾಹ್ನ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಅವರನ್ನು ತಡೆದದ್ದು ನಾಚಿಕೆ. ದಡ್ಡನಾದೆ ಅಂತ ಊರಿಗೆ ತಿಳಿದೀತು ಅನ್ನುವ ನಾಚಿಕೆ.

ನಾಚಿಕೆಪಡಬೇಕಾದವನು ನಿಜಕ್ಕೆ ನಾನು. ನನ್ನ ಅಂಗಡಿಯ ಫೋಟೋಶಾಪ್ ವರ್ಷಗಟ್ಟಲೆ ಕದ್ದದ್ದು, ಕ್ರ್ಯಾಕ್ ಹಾಕಿದ್ದು. ಬೀಗ ಮುರಿಯುವ ಆ ಪುಟ್ಟ ಫೈಲಿನ ಒಳಗೆ ಇನ್ನೇನು ಕೂತಿದೆ ಅಂತ ನೋಡಿದವರು ಯಾರು? ಅದು ಕೆಲಸ ಮಾಡಬೇಕಾದರೆ ಆ್ಯಂಟಿವೈರಸ್ ಆರಿಸಬೇಕು ಅಂತ ಬರೆದಿರುತ್ತಿತ್ತು, ಆರಿಸುತ್ತಿದ್ದೆ. ಶಾರ್ಟ್‌ಕಟ್ ವೈರಸ್‌ನ ಕಾಲ ನೆನಪಿರಬಹುದು. ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿಬಿಡುತ್ತಿದ್ದವು. ಮದುವೆ ಕಾಗದ ಮಾಡಿಸಲು, ಸೊಸೈಟಿಯ ವರದಿ ಟೈಪ್ ಮಾಡಿಸಲು ಬಂದವರ ಪೆನ್‌ಡ್ರೈವ್‌ಗಳಿಗೆ ಅದನ್ನು ಹತ್ತಿಸಿ ಕಳಿಸಿದ ಅಂಗಡಿಗಳಲ್ಲಿ ನನ್ನದೂ ಒಂದು. ಯಾರಿಗೂ ಹೇಳಲಿಲ್ಲ. ಇದೇ ಊರಿನಲ್ಲಿ ಪ್ರೆಸ್ ಇಟ್ಟಿದ್ದ ಕಾರಂತರು ತಿಳಿದದ್ದನ್ನು ಅಚ್ಚು ಹಾಕಿ ಹಂಚಿದರು. ಅದೇ ಊರಿನಲ್ಲಿ ಅಚ್ಚಿನ ಕೆಲಸವನ್ನೇ ಮಾಡಿದ ನಾನು ಹಂಚಿದ್ದು ಇದನ್ನು.

ಅಪ್‌ಡೇಟ್ ಮಾಡದೆ ಇಟ್ಟವರ ಸಾಲಿನಲ್ಲೂ ನಾನಿದ್ದೆ. 2017ರ ಮೇ 12ರಂದು ವನ್ನಾಕ್ರೈ ಹೊರಟು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಬೀಗ ಹಾಕಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಮಳೆ ಹಿಡಿಯುವ ಮೊದಲು ಬೋರ್ಡೋ ಬಿಡಬೇಕು, ಕಾಯಿ ಉದುರಲು ಶುರುವಾದ ಮೇಲಲ್ಲ ಅನ್ನುವುದನ್ನು ಅಡಿಕೆಯವರಿಗೆ ನಾನು ಹೇಳಿಕೊಡಬೇಕೇ? ಎರಡನೇ ಪ್ರತಿಯೊಂದನ್ನು, ಅಂದರೆ ಬ್ಯಾಕಪ್ಪನ್ನು, ಕಂಪ್ಯೂಟರ್‌ನಿಂದ ಬಿಡಿಸಿ ಬೇರೆಯೇ ಇಟ್ಟವರು ಆ ದಿನ ಹಣ ಕೊಡದೆ ಬಚಾವಾದರು.

ಒಬ್ಬೊಬ್ಬರ ಎಚ್ಚರದಿಂದ ಎಲ್ಲವೂ ಸರಿಹೋಗುವುದಿಲ್ಲ ಅನ್ನುವುದೂ ನಿಜ. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ರೋಗ ಹಬ್ಬದಿರಲಿ ಅಂತ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬಿಡಿಸಿ ಇಟ್ಟಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತಿತು. ಅಲ್ಲಿ ಖಾತೆ ಇದ್ದ ರೈತ ಏನನ್ನೂ ಒತ್ತಿರಲಿಲ್ಲ. ಸಹಕಾರಿ ಬ್ಯಾಂಕು ಕಟ್ಟಿದ ಮೊಳಹಳ್ಳಿಯವರ ಊರಿನವರಾದ ನಾವು ನಮ್ಮ ಸೊಸೈಟಿಗಳ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಅಂತ ಕೇಳುತ್ತೇವೆ, ಲೆಕ್ಕದ ಬ್ಯಾಕಪ್ ಎಲ್ಲಿದೆ, ಕೊನೆಯ ಸಲ ಅದನ್ನು ತೆರೆದು ನೋಡಿದ್ದು ಯಾವಾಗ ಅಂತ ಕೇಳುವುದಿಲ್ಲ. ಕಾರಂತರು ಸದಸ್ಯರಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಅವರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು, ಮಣಿಪಾಲದಲ್ಲಿ. ಆಗ ಪುತ್ತೂರಿನಲ್ಲಿ ಕಂಪ್ಯೂಟರ್ ಇದ್ದ ಅಂಗಡಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈಗ ತೋಟದ ಕೆಲಸಕ್ಕೆ ಬರುವವರ ಕಿಸೆಯಲ್ಲೂ ಒಂದೊಂದು ಉಂಟು. ಅದರೊಳಗೆ ಏನಾಗುತ್ತದೆ ಅಂತ ಹೇಳುವ ಕನ್ನಡದ ಸಂಪುಟ ಮಾತ್ರ ಬಾಲವನದ ಯಾವ ಕಪಾಟಿನಲ್ಲೂ ನನಗೆ ಕಾಣಲಿಲ್ಲ.

ಮೊನ್ನೆ ಭಾವ ಫೋನ್ ಮಾಡಿದ್ದರು. ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಲೈನ್ ಕಡಿಯುತ್ತೇವೆ ಅಂತ ಒಂದು ಫೈಲ್ ಬಂದಿದೆಯಂತೆ, ಕೊನೆಗೆ ಅದೇ ಮೂರಕ್ಷರ. ಒತ್ತಿಲ್ಲ. ಯಾರ ನಂಬರಿನಿಂದ ಬಂದಿದೆಯೋ ಅವರಿಗೆ ಆಗಲೇ ಫೋನ್ ಮಾಡಿ ಇಂಟರ್‌ನೆಟ್ ತೆಗೆಸಿದ್ದಾರೆ. ಈಗ ಅವರಿಗೆ ಬೇರೆ ಒಂದು ಸಂಶಯ. ಬಿಲ್ ಕಟ್ಟಿ ಎರಡು ದಿನ ಆಯಿತು, ಅದು ಈ ಕಳ್ಳನಿಗೆ ಗೊತ್ತಿಲ್ಲವಾ, ಇಲ್ಲ ಗೊತ್ತಿದ್ದೂ ಕಳಿಸುತ್ತಾನಾ ಅಂತ. ಅವನಿಗೆ ನಿಮ್ಮ ಬಿಲ್ಲಿನ ಸುದ್ದಿಯೇ ಇಲ್ಲ, ಸಾವಿರ ಜನರಿಗೆ ಕಳಿಸಿ ಒಬ್ಬರು ಒತ್ತಿದರೆ ಸಾಕು ಅವನಿಗೆ ಅಂದೆ. ಹಾಗಾದರೆ ಆ ಸಾವಿರ ನಂಬರ್ ಅವನಿಗೆ ಎಲ್ಲಿಂದ ಸಿಕ್ಕಿತು ಅಂತ ಕೇಳಿದರು. ಬರುವ ಆದಿತ್ಯವಾರ ಮತ್ತೆ ಹೋಗಬೇಕು.