ಮೈದಾನ ಕಟ್ಟಿದ ವೈದ್ಯ, ಕೂಲಿ ಕಾಣದ ಶಿಲ್ಪಿ

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ಎಂಬ ಊರು ಜಗತ್ತಿನ ಟಿ.ವಿ. ಪರದೆಗಳ ಮೇಲೆ ಹಸಿರಾಗಿ ಅರಳುತ್ತದೆ. ಗಾಲ್ಫ್ ಆಟದ ಗಂಧಗಾಳಿ ಇಲ್ಲದವರೂ ಚಾನೆಲ್ ಬದಲಿಸುವ ಕೈಯನ್ನು ಕ್ಷಣಕಾಲ ತಡೆದು ಆ ಮೈದಾನವನ್ನು ನೋಡುತ್ತಾರೆ. ಅಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯದಲ್ಲಿ ಗೆದ್ದವನಿಗೆ ಹಸಿರು ಕೋಟು, ಕೋಟಿಗಟ್ಟಲೆ ರೂಪಾಯಿ ಬಹುಮಾನ. ಆದರೆ ಆ ಮೈದಾನವನ್ನು ರೂಪಿಸಿದಾತನಿಗೆ ಒಪ್ಪಿದ ಸಂಭಾವನೆಯೂ ಪೂರ್ತಿಯಾಗಿ ಕೈಸೇರಲಿಲ್ಲ; ಅಲ್ಲಿ ನಡೆದ ಮೊದಲ ಪಂದ್ಯವನ್ನು ಕಣ್ಣಾರೆ ಕಾಣುವ ಭಾಗ್ಯವೂ ಇರಲಿಲ್ಲ. ಆತನ ಹೆಸರು ಡಾ. ಅಲಿಸ್ಟರ್ ಮೆಕೆಂಜಿ. ಓದಿದ್ದು ವೈದ್ಯಶಾಸ್ತ್ರ, ಒಲಿದದ್ದು ಮಣ್ಣಿನ ಕೆಲಸ.

ಗಾಲ್ಫ್ ಮೈದಾನವನ್ನೂ ಒಬ್ಬರು ರಚಿಸುತ್ತಾರೆ ಎಂಬುದೇ ನಮ್ಮಲ್ಲಿ ಹಲವರಿಗೆ ಹೊಸ ಸಂಗತಿಯಾಗಿರಬಹುದು. ಕ್ರಿಕೆಟ್ ಅಂಗಳ, ಟೆನಿಸ್ ಅಂಕಣ ಎಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ. ಗಾಲ್ಫ್‌ನಲ್ಲಿ ಹಾಗಲ್ಲ. ಹದಿನೆಂಟು ಕುಳಿಗಳತ್ತ ಸಾಗುವ ನೆಲ ಎಲ್ಲಿ ಉಬ್ಬಬೇಕು, ಎಲ್ಲಿ ತಗ್ಗಬೇಕು, ಬಂಕರ್ ಎಂಬ ಮರಳುಗುಂಡಿ ಎಲ್ಲಿ ಬಾಯ್ದೆರೆದು ಕೂರಬೇಕು ಎಂಬುದನ್ನೆಲ್ಲ ಒಬ್ಬ ಮನುಷ್ಯ ಕುಳಿತು ಯೋಚಿಸಿರುತ್ತಾನೆ. ಸಭ್ಯ ಗೃಹಸ್ಥರು ಆ ಗುಂಡಿಗಳೊಳಗೆ ನಿಂತು ಬೆವರುತ್ತ ಉಚ್ಚರಿಸುವ ಬೈಗುಳಗಳೇ ಆತನಿಗೆ ಸಲ್ಲುವ ಅಷ್ಟೋತ್ತರ. ಈ ಕಲೆಗೂ ಒಂದು ಗುರುಪರಂಪರೆಯಿದೆ. ಬಿಳಿಗಡ್ಡದ ಋಷಿಯಂತಿದ್ದ ಸ್ಕಾಟ್ಲೆಂಡಿನ ಹಿರಿಯ ಟಾಮ್ ಮಾರಿಸ್, ವಕೀಲಿ ಬಿಟ್ಟು ಮೈದಾನಕ್ಕಿಳಿದ ಹ್ಯಾರಿ ಕೋಲ್ಟ್, ಅಮೆರಿಕದಲ್ಲಿ ನೂರಾರು ಮೈದಾನಗಳನ್ನು ನಿರ್ಮಿಸಿದ ಡೊನಾಲ್ಡ್ ರಾಸ್ ಈ ಪರಂಪರೆಯ ಮಹನೀಯರು. ಇವರ ಭಕ್ತರು ಇಂದಿಗೂ ಆ ಮೈದಾನಗಳಿಗೆ ತೀರ್ಥಯಾತ್ರೆ ಹೊರಡುತ್ತಾರೆ. ಆ ಭಕ್ತರ ಪೈಕಿ ಅನೇಕರಿಗೆ ಮೆಕೆಂಜಿಯೇ ಇಷ್ಟದೈವ.

ಮೆಕೆಂಜಿ ಹುಟ್ಟಿದ್ದು 1870ರ ಆಗಸ್ಟ್ 30ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ನಾರ್ಮಂಟನ್‌ನಲ್ಲಿ. ತಂದೆ ಸ್ಕಾಟ್ಲೆಂಡ್ ಮೂಲದ ವೈದ್ಯ. ಮಗನೂ ಅದೇ ಹಾದಿ ಹಿಡಿದು ಕೇಂಬ್ರಿಜ್‌ನಲ್ಲಿ ಓದಿ ವೈದ್ಯನಾದ. ಹುಟ್ಟಿದ ನೆಲ ಇಂಗ್ಲೆಂಡಾದರೂ ಆತ ತನ್ನನ್ನು ಸ್ಕಾಟ್ಲೆಂಡಿನವನೆಂದೇ ಎಣಿಸಿದ. ಅಲ್ಲಿನ ಸಾಂಪ್ರದಾಯಿಕ ಕಿಲ್ಟ್ ಧರಿಸುವುದೆಂದರೆ ಹಿಗ್ಗು, ವಿಸ್ಕಿಯೆಂದರೆ ಇನ್ನಷ್ಟು ಹಿಗ್ಗು. ಶತಮಾನದ ತಿರುವಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ನಡೆದಾಗ ಸೇನೆಯ ಶಸ್ತ್ರವೈದ್ಯನಾಗಿ ಅಲ್ಲಿಗೆ ಹೋದ. ಆ ಪ್ರಯಾಣ ಆತನ ಬದುಕಿನ ದಿಕ್ಕನ್ನೇ ಬದಲಿಸಿತು.

ಬೋಯರರು ಬಹುಪಾಲು ರೈತರು. ಸಂಖ್ಯೆಯಲ್ಲಿ ಕಡಿಮೆಯಿದ್ದ ಅವರು ಸಾಮ್ರಾಜ್ಯದ ದೊಡ್ಡ ಸೈನ್ಯವನ್ನು ಕಂಗೆಡಿಸಿದ್ದು ಹೇಗೆ ಎಂಬ ಪ್ರಶ್ನೆ ಮೆಕೆಂಜಿಯನ್ನು ಕಾಡಿತು. ಆತ ಕಂಡುಕೊಂಡ ಉತ್ತರ ಸರಳವಾಗಿತ್ತು. ಬೋಯರರು ನೆಲದ ಉಬ್ಬುತಗ್ಗುಗಳನ್ನೇ ಗೋಡೆಯಾಗಿಸಿಕೊಂಡಿದ್ದರು. ಅವರ ಕಂದಕಗಳು ನೆಲದಲ್ಲಿ ಬೆರೆತುಹೋಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಮನುಷ್ಯ ಮಾಡಿದ್ದು ನಿಸರ್ಗವೇ ಮಾಡಿದ್ದೆಂಬಂತೆ ಕಾಣಬೇಕು. ಕಣ್ಣಿಗೆ ಕಂಡದ್ದು ಇರುವುದಕ್ಕಿಂತ ಬೇರೆಯಾಗಿರಬೇಕು. ರಣರಂಗದಲ್ಲಿ ಕಲಿತ ಈ ಪಾಠವನ್ನು ಒಬ್ಬ ವೈದ್ಯ ಆಟದ ಮೈದಾನಕ್ಕೆ ತಂದದ್ದು ಕ್ರೀಡಾ ಚರಿತ್ರೆಯ ಸ್ವಾರಸ್ಯಗಳಲ್ಲೊಂದು.

ಊರಿಗೆ ಮರಳಿ ಲೀಡ್ಸ್ ನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದಾಗ, 1907ರಲ್ಲಿ ಆಲ್‌ವುಡ್ಲಿ ಎಂಬ ಹೊಸ ಗಾಲ್ಫ್ ಕ್ಲಬ್ಬು ಹುಟ್ಟಿಕೊಂಡಿತು. ಅದರ ಮೈದಾನದ ನಕ್ಷೆ ಮೆಕೆಂಜಿಯದು. ಆ ಕಾಲದ ಒಳನಾಡಿನ ಮೈದಾನಗಳಲ್ಲಿ ಬಂಕರ್‌ಗಳನ್ನು ಅಡ್ಡಗೋಡೆ ಕಟ್ಟಿದಂತೆ ನೆಟ್ಟಗೆ ತೋಡುತ್ತಿದ್ದರು. ಕುಳಿಯ ಸುತ್ತಲಿನ ಗ್ರೀನ್ ಎಂಬ ನುಣುಪು ಹಾಸು ಮೇಜಿನಂತೆ ಸಪಾಟಾಗಿರುತ್ತಿತ್ತು. ಮೆಕೆಂಜಿ ಅಲೆಯಲೆಯಾದ ಗ್ರೀನ್‌ಗಳನ್ನೂ ಗಾಳಿ ಕೊರೆದಂಥ ಅಂಕುಡೊಂಕು ಬಂಕರ್‌ಗಳನ್ನೂ ತೋರಿಸಿದಾಗ ಸಮಿತಿಯ ಸದಸ್ಯರು ಹುಬ್ಬೇರಿಸಿದರು. ಹಿತ್ತಲ ಗಿಡ ಮದ್ದಲ್ಲವಷ್ಟೆ. ಹೊರಗಿನ ಪರಿಣತ ಹ್ಯಾರಿ ಕೋಲ್ಟ್‌ನನ್ನು ಕರೆಸಿದರು. ಬಂದ ಕೋಲ್ಟ್ ಈ ಸ್ಥಳೀಯ ವೈದ್ಯನ ವಿಚಾರಗಳು ತನ್ನವೇ ಎಂಬಂತೆ ಮೆಚ್ಚಿಕೊಂಡುಬಿಟ್ಟ. ಮೈದಾನ ಸಿದ್ಧವಾಯಿತು. ವೈದ್ಯನ ಸ್ಟೆತಾಸ್ಕೋಪ್ ನಿಧಾನವಾಗಿ ಗೂಟ ಸೇರತೊಡಗಿತು.

1914ರಲ್ಲಿ ಇಂಗ್ಲೆಂಡಿನ ಕಂಟ್ರಿ ಲೈಫ್ ಪತ್ರಿಕೆ ಅತ್ಯುತ್ತಮ ಗಾಲ್ಫ್ ಹೋಲ್ ಒಂದರ ನಕ್ಷೆಗಾಗಿ ಸ್ಪರ್ಧೆ ಏರ್ಪಡಿಸಿತು. ಮೊದಲ ಬಹುಮಾನ ಮೆಕೆಂಜಿಗೆ. ಗುರಿಗೆ ಒಂದೇ ಹಾದಿಯ ಬದಲು ಹಲವು ಹಾದಿಗಳಿದ್ದುದು ಆ ನಕ್ಷೆಯ ವಿಶೇಷ. ಬಲಶಾಲಿಗೆ ಅಪಾಯದ ನೇರ ಮಾರ್ಗ, ಅಳುಕಿನವನಿಗೆ ಸುತ್ತುಬಳಸಿನ ಮಾರ್ಗ. ಇಬ್ಬರೂ ತಲುಪಬಹುದು, ತೆರುವ ಬೆಲೆ ಮಾತ್ರ ಬೇರೆ. ಮುಂದೆ ಅದರ ಆಧಾರದ ಮೇಲೆ ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನ ಲಿಡೊ ಮೈದಾನದ ಕೊನೆಯ ಹೋಲ್ ರೂಪುಗೊಂಡಿತು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಮತ್ತೆ ಸೇನಾವೈದ್ಯನಾಗಿ ಸೇರಿದ ಮೆಕೆಂಜಿ ಬೇಗನೆ ರಾಯಲ್ ಎಂಜಿನಿಯರ್ಸ್ ದಳಕ್ಕೆ ಬದಲಾಗಿ, ಶತ್ರುವಿನ ಕಣ್ಣಿಗೆ ಬೀಳದಂತೆ ಕಂದಕಗಳನ್ನು ಮರೆಮಾಚುವ ವಿದ್ಯೆಯಲ್ಲಿ ತೊಡಗಿಕೊಂಡ. ಯುದ್ಧದಿಂದ ಮೈದಾನಕ್ಕೆ ಬಂದ ಪಾಠ ಹೀಗೆ ಮೈದಾನದಿಂದ ಯುದ್ಧಕ್ಕೆ ಮರಳಿತು.

1920ರಲ್ಲಿ ಪ್ರಕಟವಾದ ಆತನ ಪುಟ್ಟ ಪುಸ್ತಕ ಗಾಲ್ಫ್ ಮೈದಾನದ 13 ಸೂತ್ರಗಳನ್ನು ಪಟ್ಟಿಮಾಡಿತು. ಅವುಗಳ ಒಟ್ಟು ತಾತ್ಪರ್ಯ ಇಷ್ಟೆ: ಕಳೆದ ಚೆಂಡನ್ನು ಹುಡುಕುತ್ತ ಪೊದೆಯಲ್ಲಿ ಅಲೆಯುವ ಕಿರಿಕಿರಿ ಯಾರಿಗೂ ಬೇಡ, ಎಳಸು ಆಟಗಾರನೂ ನಲಿಯಬೇಕು, ನುರಿತವನೂ ತಲೆ ಕೆರೆದುಕೊಳ್ಳಬೇಕು, ಕೃತಕವಾದದ್ದು ಸಹಜವೆಂದೇ ತೋರಬೇಕು, ಖರ್ಚು ಮಿತವಾಗಿರಬೇಕು. ಹೀಗೆ ಸೂತ್ರ ಬರೆದಾತ ಬಹುಕಾಲ ಸಾಧಾರಣ ಆಟಗಾರನಾಗಿಯೇ ಉಳಿದಿದ್ದ. ಬಹುಶಃ ಸಾಧಾರಣ ಆಟಗಾರನ ಸಂಕಟ ಆತನಿಗೆ ಅರ್ಥವಾಗಿದ್ದೂ ಇದರಿಂದಲೇ. ವೈದ್ಯವೃತ್ತಿಯನ್ನು ಬಿಟ್ಟರೂ ವೈದ್ಯನ ದೃಷ್ಟಿಯನ್ನು ಆತ ಬಿಡಲಿಲ್ಲ. ಔಷಧದ ಬಾಟಲಿ ವಾಸಿಮಾಡದ ಎಷ್ಟೋ ಕಾಯಿಲೆಗಳನ್ನು ಬಯಲಿನ ಗಾಳಿ, ನಡಿಗೆ ಮತ್ತು ನಾಲ್ಕು ಜನರ ಒಡನಾಟ ವಾಸಿಮಾಡುತ್ತವೆಂದು ಆತ ದೃಢವಾಗಿ ನಂಬಿದ್ದ. ಒಳ್ಳೆಯ ಮೈದಾನ ಕಟ್ಟುವುದು ಆತನ ಪಾಲಿಗೆ ಚಿಕಿತ್ಸೆಯ ಮುಂದುವರಿಕೆಯೇ ಆಗಿತ್ತು.

ಖ್ಯಾತಿ ಸಮುದ್ರ ದಾಟಿತು. 1926ರಲ್ಲಿ ರಾಯಲ್ ಮೆಲ್ಬರ್ನ್ ಕ್ಲಬ್ಬಿನ ಕರೆಯ ಮೇರೆಗೆ ಆಸ್ಟ್ರೇಲಿಯಕ್ಕೆ ಹೋದ. ಅಲ್ಲಿದ್ದದ್ದು ಕೆಲವೇ ವಾರ. ನಕ್ಷೆಗಳನ್ನು ಕೊಟ್ಟು ಹೊರಟ. ಅವನ್ನು ನೆಲಕ್ಕಿಳಿಸಿದವರು ಅಲೆಕ್ಸ್ ರಸೆಲ್ ಎಂಬ ಆಟಗಾರ ಮತ್ತು ಮಿಕ್ ಮಾರ್ಕಮ್ ಎಂಬ ಮೈದಾನಪಾಲಕ. ಆ ಮೈದಾನ ಇಂದಿಗೂ ಜಗತ್ತಿನ ಶ್ರೇಷ್ಠ ಮೈದಾನಗಳ ಸಾಲಿನಲ್ಲಿದೆ. ಅಲ್ಲಿಂದ ನ್ಯೂಜಿಲೆಂಡ್, ಮುಂದೆ ಐರ್ಲೆಂಡಿನ ಲಹಿಂಚ್, ಅರ್ಜೆಂಟೀನದ ಬ್ಯೂನಸ್ ಐರಿಸ್ ಎಂದು ಆತನ ಪಯಣ ಸಾಗಿತ್ತು. ವಿಮಾನಯಾನ ಸುಲಭವಾಗಿಲ್ಲದ ಆ ಕಾಲದಲ್ಲಿ ಮಧ್ಯವಯಸ್ಸು ದಾಟಿದ ಮನುಷ್ಯನೊಬ್ಬ ಹುಲ್ಲು, ಮರಳುಗಳ ಬೆನ್ನುಹತ್ತಿ ಭೂಮಂಡಲ ಸುತ್ತಿದ್ದು ಸಣ್ಣ ಸಾಹಸವಲ್ಲ.

ಕ್ಯಾಲಿಫೋರ್ನಿಯದಲ್ಲಿ ಆತನಿಗೆ ಜೊತೆಯಾದವಳು ಮೇರಿಯನ್ ಹಾಲಿನ್ಸ್. 1921ರ ಅಮೆರಿಕನ್ ಮಹಿಳಾ ಅಮೆಚೂರ್ ಚಾಂಪಿಯನ್ ಆದ ಈಕೆ ಮಾಂಟೆರೆ ಕಡಲ ತೀರದ ಸೈಪ್ರಸ್ ಪಾಯಿಂಟ್ ಮೈದಾನದ ಹಿಂದಿನ ಶಕ್ತಿ. ಅಲ್ಲಿನ 16ನೆಯ ಹೋಲ್‌ನಲ್ಲಿ ಚೆಂಡು ಪೆಸಿಫಿಕ್ ಸಾಗರದ ಮೇಲಿಂದ ಹಾರಿ ಆಚೆಯ ಬಂಡೆಯ ಮೇಲಿನ ಗ್ರೀನ್ ಸೇರಬೇಕು. ಅಷ್ಟು ದೂರ ಹೊಡೆಯಲಾಗದೆಂಬ ಅನುಮಾನ ಎದ್ದಾಗ ಹಾಲಿನ್ಸ್ ಚೆಂಡೊಂದನ್ನು ಇಟ್ಟು ಸಾಗರದಾಚೆಗೆ ಹೊಡೆದು ತೋರಿಸಿದಳಂತೆ. ವಾದ ಅಲ್ಲಿಗೆ ಮುಗಿಯಿತು. ಆ ಹೋಲ್‌ನ ಶ್ರೇಯಸ್ಸನ್ನು ಮೆಕೆಂಜಿ ಆಕೆಗೇ ಸಲ್ಲಿಸಿದ. 1928ರಲ್ಲಿ ಮೈದಾನ ತೆರೆಯಿತು. ಮರುವರ್ಷ ಸಾಂತಾ ಕ್ರೂಸ್ ಬಳಿ ಆಕೆಗಾಗಿ ಪ್ಯಾಸಟಿಯೆಂಪೊ ಮೈದಾನವನ್ನು ಕಟ್ಟಿ, ಅದರ ಅಂಚಿನಲ್ಲೇ ಮನೆಮಾಡಿಕೊಂಡ.

ಇಲ್ಲಿ ವಿಧಿಯ ಆಟವೊಂದು ನಡೆಯಿತು. 1929ರಲ್ಲಿ ಸಮೀಪದ ಪೆಬಲ್ ಬೀಚ್‌ನಲ್ಲಿ ನಡೆದ ಅಮೆರಿಕನ್ ಅಮೆಚೂರ್ ಪಂದ್ಯಾವಳಿಯಲ್ಲಿ ಅಂದಿನ ಗಾಲ್ಫ್ ಸಾಮ್ರಾಟ ಬಾಬಿ ಜೋನ್ಸ್ ಮೊದಲ ಸುತ್ತಿನಲ್ಲೇ ಸೋತುಹೋದ. ಬಿಡುವಾದ ಜೋನ್ಸ್ ಸೈಪ್ರಸ್ ಪಾಯಿಂಟ್‌ನಲ್ಲಿ ಆಡಿದ, ಪ್ಯಾಸಟಿಯೆಂಪೊದ ಆರಂಭೋತ್ಸವದಲ್ಲಿ ಆಡಿದ. ಮೆಕೆಂಜಿಯ ಕೈಚಳಕಕ್ಕೆ ಮನಸೋತ. ಮುಂದಿನ ವರ್ಷ ನಾಲ್ಕು ಪ್ರಮುಖ ಪಂದ್ಯಾವಳಿಗಳನ್ನೂ ಗೆದ್ದು ನಿವೃತ್ತನಾದ ಜೋನ್ಸ್, ಅಗಸ್ಟಾದ ಹಳೆಯ ಹಣ್ಣಿನ ಸಸ್ಯಕಾಶಿಯ ಜಾಗದಲ್ಲಿ ತನ್ನ ಕನಸಿನ ಮೈದಾನ ಕಟ್ಟಲು ಮೆಕೆಂಜಿಯನ್ನೇ ಆರಿಸಿಕೊಂಡ. ತಾನು ಹೋಗಲಾಗದಿದ್ದಾಗ ಕಾಮಗಾರಿ ನೋಡಿಬರಲು ಮೆಕೆಂಜಿ ಹಾಲಿನ್ಸ್‌ಳನ್ನು ಅಗಸ್ಟಾಕ್ಕೆ ಕಳಿಸಲು ಮುಂದಾದ. ಮಹಿಳೆಯರಿಗೆ ಸದಸ್ಯತ್ವ ನೀಡಲು ಆ ಕ್ಲಬ್ಬು 2012ರವರೆಗೆ ಕಾಯಿತೆಂಬುದನ್ನು ನೆನೆದರೆ, ಆ ವೈದ್ಯ ಎಷ್ಟು ಮುಂದಿದ್ದನೆಂಬುದು ತಿಳಿಯುತ್ತದೆ.

ಆದರೆ ಕಾಲ ಕೆಟ್ಟಿತ್ತು. 1929ರ ಷೇರುಪೇಟೆಯ ಕುಸಿತದ ನಂತರದ ಮಹಾ ಆರ್ಥಿಕ ಹಿಂಜರಿತ ಅಮೆರಿಕವನ್ನು ಹಿಂಡುತ್ತಿತ್ತು. ಕ್ಲಬ್ಬಿಗೆ ನಿರೀಕ್ಷಿಸಿದಷ್ಟು ಸದಸ್ಯರು ಸೇರಲಿಲ್ಲ. ಮೆಕೆಂಜಿಯ ಸಂಭಾವನೆ ಮೊದಲು 10,000 ಡಾಲರ್ ಎಂದಿದ್ದದ್ದು 5,000ಕ್ಕೆ ಇಳಿಯಿತು. ಕೈಗೆ ಬಂದದ್ದು 2,000 ಎಂಬುದು ಚರಿತ್ರೆ ಬರೆದವರ ಲೆಕ್ಕ. ಹೊಸ ಕೆಲಸಗಳು ನಿಂತುಹೋದವು. ಭೂಮಂಡಲ ಸುತ್ತಿ ಮೈದಾನ ಕಟ್ಟಿದಾತ ಸಣ್ಣ ಮೊತ್ತವಾದರೂ ಕಳಿಸಿರೆಂದು ಕ್ಲಬ್ಬಿಗೆ ಪತ್ರ ಬರೆಯಬೇಕಾಯಿತು. 1932ರ ಬಳಿಕ ಆತ ಅಗಸ್ಟಾಕ್ಕೆ ಹೋಗಲಿಲ್ಲ. ಹುಲ್ಲು ಹಬ್ಬಿ ಪೂರ್ಣಗೊಂಡ ತನ್ನ ಕೃತಿಯನ್ನು ಕಾಣಲೇ ಇಲ್ಲ. 1934ರ ಜನವರಿ 6ರಂದು, 63ನೆಯ ವಯಸ್ಸಿನಲ್ಲಿ, ಸಾಂತಾ ಕ್ರೂಸ್‌ನಲ್ಲಿ ನಿಧನನಾದ. ಮಾಸ್ಟರ್ಸ್ ಎಂದು ಮುಂದೆ ಹೆಸರಾದ ಪಂದ್ಯಾವಳಿ ಮೊದಲ ಬಾರಿಗೆ ನಡೆದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಚಿತಾಭಸ್ಮವನ್ನು ಪ್ಯಾಸಟಿಯೆಂಪೊದ ಹುಲ್ಲಿನ ಮೇಲೆ ಚೆಲ್ಲಲಾಯಿತು. ಆತ ಬರೆದಿಟ್ಟಿದ್ದ ಇನ್ನೊಂದು ಪುಸ್ತಕದ ಹಸ್ತಪ್ರತಿಯೂ ಕಣ್ಮರೆಯಾಗಿ, ದಶಕಗಳ ತರುವಾಯ ಪತ್ತೆಯಾಗಿ 1995ರಲ್ಲಿ ಅಚ್ಚಾಯಿತು.

ಗಾಲ್ಫ್ ಸಿರಿವಂತರ ಆಟವೆಂಬ ನಮ್ಮ ದೂರು ಸುಳ್ಳಲ್ಲ. ಸೈಪ್ರಸ್ ಪಾಯಿಂಟ್, ಅಗಸ್ಟಾಗಳ ಬಾಗಿಲು ಸಾಮಾನ್ಯನಿಗೆ ಇಂದಿಗೂ ಮುಚ್ಚಿದೆ. ಅಗಸ್ಟಾ ಮೊದಲ ಕಪ್ಪು ಸದಸ್ಯನನ್ನು ಸೇರಿಸಿಕೊಂಡದ್ದು 1990ರಲ್ಲಿ. ಆದರೆ ಮೆಕೆಂಜಿ ಗುರುವೆಂದು ನಂಬಿದ್ದ ನೆಲ ಬೇರೆ. ಆತ 1924ರಲ್ಲಿ ಅಂಗುಲ ಅಂಗುಲವಾಗಿ ಅಳೆದು ನಕ್ಷೆ ಬರೆದ ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನ ಊರವರ ಆಸ್ತಿ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿಲ್ಲ, ಊರಿನ ಜನ ಮಕ್ಕಳುಮರಿಗಳೊಂದಿಗೆ ಅಡ್ಡಾಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕಾಗಿ ಆತ ಕಟ್ಟಿ 1932ರಲ್ಲಿ ತೆರೆದ ಶಾರ್ಪ್ ಪಾರ್ಕ್ ಸಾರ್ವಜನಿಕರ ಮೈದಾನವೇ. ಮಿತವ್ಯಯ, ನಿಸರ್ಗಕ್ಕೆ ವಿಧೇಯತೆ, ದುರ್ಬಲನಿಗೂ ಒಂದು ದಾರಿ ಎಂಬ ಆತನ ಸೂತ್ರಗಳು ಸಿರಿವಂತರ ಬೇಲಿಯೊಳಗೆ ಸಿಕ್ಕಿಬಿದ್ದದ್ದು ಆತನ ತಪ್ಪಲ್ಲ. ನಗರಗಳಲ್ಲಿ ಉಳಿದಿರುವ ಬಯಲುಗಳು ಯಾರ ಆರೋಗ್ಯಕ್ಕೆ ಎಂದು ಕೇಳುವವರಿಗೆ ಈ ವೈದ್ಯನ ಬದುಕಿನಲ್ಲಿ ಉತ್ತರವಿದೆ.

ಅಗಸ್ಟಾ ಮೈದಾನವನ್ನು ಕಾಲಕಾಲಕ್ಕೆ ತಿದ್ದುತ್ತಲೇ ಬಂದಿದ್ದಾರೆ. ಮೂವತ್ತಕ್ಕೂ ಕಡಿಮೆಯಿದ್ದ ಬಂಕರ್‌ಗಳು ಹೆಚ್ಚಿವೆ, ಉದ್ದ ಬೆಳೆದಿದೆ. 10ನೆಯ ಹೋಲ್‌ನ ಗ್ರೀನ್ ಅನ್ನು 1937ರಲ್ಲಿ ಹಿಂದಕ್ಕೆ, ದಿಬ್ಬದ ಮೇಲಕ್ಕೆ ಒಯ್ದರು. ಅದರ ಪಕ್ಕದಲ್ಲಿ ಮೆಕೆಂಜಿ ತೋಡಿಸಿದ್ದ ವಿಶಾಲ ಬಂಕರ್ ಮಾತ್ರ ಇದ್ದಲ್ಲೇ ಉಳಿಯಿತು. ಈಗ ಅದು ಯಾವ ಗ್ರೀನ್ ಅನ್ನೂ ಕಾಯುತ್ತಿಲ್ಲ. ಒಳ್ಳೆಯ ಆಟಗಾರರ ಚೆಂಡು ಅದರೊಳಗೆ ಬೀಳುವುದೂ ಅಪರೂಪ. ಆದರೂ ಅದನ್ನು ಮುಚ್ಚಲು ಯಾರಿಗೂ ಮನಸ್ಸಾಗಿಲ್ಲ. ಅಷ್ಟು ಚೆಂದವಾಗಿದೆ. ಸಂಭಾವನೆಯ ಬಾಕಿ ತೀರಲಿಲ್ಲ. ರುಜು ಮಾತ್ರ ಉಳಿದಿದೆ.